ಎಡಗಡೆಯ ಕಡ್ಡಿ

ಗಿರಾಕಿಯ ಕಿವಿಯ ಹಿಂದೆ ಬೆರಳಿಟ್ಟು ಕನ್ನಡಕದ ಕಡ್ಡಿ ಎಲ್ಲಿ ಒತ್ತುತ್ತಿದೆ ಎಂದು ನೋಡುತ್ತಿರುವಾಗಲೂ ಅವಳ ತಲೆಯ ತುಂಬ ಇದ್ದದ್ದು ಆ ಹೊದಿಕೆಯೇ. ನೀಲಿ ಅಂಚಿನದು, ಎರಡು ಪದರದ್ದು. ಅಮ್ಮ ಅದನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಅಲಮಾರಿಯ ಮೇಲಿನ ಅರೆಯಲ್ಲಿ ಇಟ್ಟಿರುತ್ತಿದ್ದಳು. ಮನೆಗೆ ಎಂಥ ನೆಂಟರು ಬಂದರೂ ಅದು ಕೆಳಗಿಳಿದದ್ದಿಲ್ಲ. ನಿನ್ನೆ ಸಂಜೆ ಅಂಗಡಿಯಿಂದ ನೆಟ್ಟಗೆ ಅಮ್ಮನ ಮನೆಗೆ ಹೋಗಿ ನೋಡಿದರೆ ತಂಗಿ ಅದನ್ನು ಗಲ್ಲದವರೆಗೆ ಎಳೆದುಕೊಂಡು ಕಿಟಕಿ ಪಕ್ಕದ ಮಂಚದ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಐದು ವರ್ಷದ ಪಾಪು, ಬಾಯಿ ಅರ್ಧ ತೆರೆದು, ತಾಯಿಯ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಅಮ್ಮ ಬಾಗಿಲಲ್ಲೇ ತುಟಿಗೆ ಬೆರಳಿಟ್ಟು, "ಮೆತ್ತಗೆ ಬಾ. ಗುಬ್ಬಿಗೆ ಈಗ ಕಣ್ಣು ಹತ್ತಿದೆ," ಅಂದಳು. ಮೂವತ್ತೆಂಟು ವರ್ಷದ ಹೆಂಗಸು, ಚಪ್ಪಲಿ ಕೈಯಲ್ಲಿ ಹಿಡಿದು, ಹೆತ್ತ ತಾಯಿಯ ಮನೆಯೊಳಗೆ ಕಳ್ಳಿಯ ಹಾಗೆ ತುದಿಗಾಲಲ್ಲಿ ನಡೆದುಹೋಗಿದ್ದಳು. ಗುಬ್ಬಿಯಂತೆ. ಮೂವತ್ತು ದಾಟಿ, ಹೆತ್ತು, ಗಂಡನನ್ನು ಬಿಟ್ಟು ಬಂದವಳು ಇನ್ನೂ ಗುಬ್ಬಿ. ಅವಳಂತೂ ಆರನೇ ವಯಸ್ಸಿಗೇ, ತಂಗಿ ಹುಟ್ಟಿದ ದಿನವೇ, 'ದೊಡ್ಡವಳು' ಆಗಿಬಿಟ್ಟಿದ್ದಳು.

"ಅಯ್ಯೋ, ಸುಡ್ತಿದೆಯಮ್ಮ!" ಗಿರಾಕಿ ಕತ್ತು ಹಿಂದಕ್ಕೆ ಎಳೆದುಕೊಂಡ. ಬಗ್ಗಿಸಲೆಂದು ಬಿಸಿಗಾಳಿಯ ಡಬ್ಬಿಯಲ್ಲಿ ಕಾಯಿಸಿ ತೆಗೆದ ಕಡ್ಡಿ ಆರುವ ಮೊದಲೇ ಕಿವಿಗೆ ಹಾಕಿಬಿಟ್ಟಿದ್ದಳು. ಹದಿನಾಲ್ಕು ವರ್ಷದ ಕೆಲಸದಲ್ಲಿ ಒಂದು ಸಲವೂ ಹೀಗಾಗಿರಲಿಲ್ಲ. ಯಜಮಾನರು ಗಾಜಿನ ಕಪಾಟಿನ ಆಚೆಯಿಂದ ನೋಡಿ, ಮತ್ತೆ ಬಿಲ್ಲು ಬರೆಯತೊಡಗಿದರು. ಬೈದಿದ್ದರೇ ವಾಸಿಯಿತ್ತು. ಇವತ್ತು ಅರ್ಧ ದಿನ ರಜ ಕೇಳಿದಾಗ ಯಾಕೆ ಎಂದು ಕೇಳಿದ್ದರು, 'ತಂಗಿಯ ಕೇಸು' ಎಂದಾಗ ಅವರ ಮುಖ ಮೆತ್ತಗಾಗಿ, "ಪಾಪ, ಸಣ್ಣ ಮಗು ಬೇರೆ. ಹೋಗಿ ಬನ್ನಿ, ಹೋಗಿ ಬನ್ನಿ," ಎಂದಿದ್ದರು. ತಂಗಿಯ ಮುಖವನ್ನೇ ಸರಿಯಾಗಿ ನೋಡದ ಮನುಷ್ಯ! ಈ ಪಾಪ ಎನ್ನುವುದು ತನ್ನ ಪಾಲಿಗೆ ಒಮ್ಮೆಯೂ ಬಂದಿರಲಿಲ್ಲವಲ್ಲ ಎನ್ನಿಸಿತು. ಬರಲು ಅವಳು ಯಾರಿಗಾದರೂ ಹೇಳಿದ್ದರೆ ತಾನೆ? ಆ ಯೋಚನೆಯನ್ನು ಅವಳು ಅಲ್ಲಿಗೇ ಬಿಟ್ಟು, ಗಿರಾಕಿಯ ಕ್ಷಮೆ ಕೇಳಿ, ಒದ್ದೆ ಬಟ್ಟೆಯನ್ನು ಅವನ ಕಿವಿಗೆ ಒತ್ತಿದಳು.

ಹತ್ತು ಗಂಟೆಗೆ ಹೊರಟಾಗ ಅವಳ ಚೀಲದಲ್ಲಿ ರಿಪೇರಿ ಪುಸ್ತಕವಿತ್ತು. ಉದ್ದನೆಯ, ಮೂಲೆ ಸವೆದ ಪುಸ್ತಕ; ಯಾರ ಕನ್ನಡಕ, ಯಾವ ದಿನ ಬಂತು, ಎಲ್ಲಿ ಮುರಿದಿದೆ, ಏನು ಮಾಡಿದೆವು, ಎಲ್ಲ ಅವಳದೇ ದುಂಡಗಿನ ಅಕ್ಷರದಲ್ಲಿ. ಲಾಯರಮ್ಮ ಅದನ್ನೇ ಕೇಳಿದ್ದರು. ನ್ಯಾಯಾಲಯದ ಹಿಂದಿನ ಬೀದಿಯಲ್ಲಿ ಹೆಂಗಸರಿಗೆ ಕಾನೂನು ನೆರವು ಕೊಡುವ ಒಂದು ಕೇಂದ್ರವಿದೆ. ಗಂಡನ ಹೊಡೆತ ತಾಳದೆ ಮಕ್ಕಳನ್ನು ಕರೆದುಕೊಂಡು ಹೊರಬಂದ ತಾಯಂದಿರೇ ಅಲ್ಲಿಗೆ ಹೆಚ್ಚಾಗಿ ಬರುವುದು. ಲಾಯರಮ್ಮ ಅಲ್ಲಿ ಕೂರುತ್ತಾರೆ. ಕಳೆದ ವಾರ ತಂಗಿಯ ಜೊತೆ ಅಮ್ಮ, ಅಮ್ಮನ ಜೊತೆ ಇವಳು ಹೋಗಿದ್ದರು. ಮೂರು ಕುರ್ಚಿ ಇದ್ದವು. ಒಂದರ ಮೇಲೆ ಪಾಪು ಬಣ್ಣದ ಕಡ್ಡಿ ಹಿಡಿದು ಕೂತುಬಿಟ್ಟಿತು, ಹಾಗಾಗಿ ಇವಳು ಗೋಡೆಗೆ ಒರಗಿ ನಿಂತಿದ್ದಳು. "ಎರಡು ವರ್ಷದಲ್ಲಿ ಮೂರು ಸಲ ಕನ್ನಡಕ ಒಡೆದಿದ್ದಾನೆ ಅಂತೀರಲ್ಲ, ಎಲ್ಲಿ ರಿಪೇರಿ ಮಾಡಿಸಿದ್ರಿ?" ಎಂದು ಲಾಯರಮ್ಮ ಕೇಳಿದಾಗ ತಂಗಿ ಹಿಂತಿರುಗಿ ನೋಡಿ, "ಅಕ್ಕನ ಹತ್ರ," ಎಂದಳು. ಆಗಲೇ ಆ ಕೋಣೆಯಲ್ಲಿದ್ದವರ ಕಣ್ಣು ಮೊದಲ ಸಲ ಇವಳ ಮೇಲೆ ಬಿದ್ದದ್ದು. "ಹಾಗಾದ್ರೆ ನಿಮ್ಮಲ್ಲೇ ದಾಖಲೆ ಇರುತ್ತೆ! ಅವನು, ಅವಳೇ ತಲೆ ಕೆಟ್ಟು ಒಡ್ಕೊಂಡಿದ್ದು, ಅಂಥವಳ ಹತ್ರ ಮಗು ಬಿಡಬಾರದು ಅಂತ ಅರ್ಜಿ ಹಾಕಿದ್ದಾನೆ. ನಿಮ್ಮ ಪುಸ್ತಕ, ನಿಮ್ಮ ಸಾಕ್ಷಿ, ಎರಡೂ ಬೇಕು." ತಂಗಿಯ ಮುಖದಲ್ಲಿ ಎಂಥ ಬೆಳಕು ಬಂತು! ಅಮ್ಮ ಇವಳ ಕೈ ಹಿಡಿದುಕೊಂಡಳು. ಎಷ್ಟು ವರ್ಷವಾಗಿತ್ತು ಅಮ್ಮ ಕೈ ಹಿಡಿದು. ಹಿಡಿದದ್ದೂ ಗುಬ್ಬಿಗಾಗಿಯೇ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದುಕೊಂಡಳು. ಮನೆಯಲ್ಲಿ ಮಗಳೂ ಈಗ ಚಿಕ್ಕಮ್ಮನ ಜಪ ಮಾಡುತ್ತಾಳೆ. ಹದಿನಾಲ್ಕು ವರ್ಷದವಳು, ತಾಯಿಯ ಜೊತೆ ನಾಲ್ಕು ಮಾತಾಡಿದರೆ ಹೆಚ್ಚು. ಆದರೆ ಚಿಕ್ಕಮ್ಮ ಹೊರಬಂದ ದಿನದಿಂದ ಅವಳ ಬಾಯಿಗೆ ಬಿಡುವಿಲ್ಲ. "ಮಟಮಟ ಮಧ್ಯಾಹ್ನ, ಅವನು ಮನೇಲಿರುವಾಗ್ಲೇ, ಪಾಪೂನ ಎತ್ಕೊಂಡು ಮುಂಬಾಗಿಲಿಂದಾನೇ ಬಂದ್ಲಂತೆ ಅಮ್ಮ! ಹಿತ್ತಿಲಿಂದ ಅಲ್ಲ!" ಎಂದು ಮೊನ್ನೆ ತಟ್ಟೆಯ ಮುಂದೆ ಕೂತು ಹೇಳಿದಾಗ ಅವಳ ಕಣ್ಣು ಹೊಳೆಯುತ್ತಿದ್ದವು. ಆ ಹೊಳಪನ್ನು ಇವಳು ತನ್ನ ಮಗಳ ಕಣ್ಣಲ್ಲಿ ಇದುವರೆಗೂ ಕಂಡಿರಲಿಲ್ಲ. "ಬೇಗ ತಿನ್ನು, ನಿಮ್ಮಪ್ಪ ಬರ್ತಾರೆ," ಎಂದಳು. ಮಗಳ ಮುಖ ತಟ್ಟನೆ ಮುಚ್ಚಿಕೊಂಡಿತು, ಅಂಗಡಿಯ ಕದ ಎಳೆದ ಹಾಗೆ. ಹದಿನಾಲ್ಕು ವರ್ಷ ಯಾರಿಗಾಗಿ ಕಚ್ಚಿಕೊಂಡು ಇದ್ದದ್ದು? ಮಗಳಿಗೆ ಶಾಲೆ ತಪ್ಪಬಾರದು, ಅಪ್ಪ ಇಲ್ಲದ ಮಗು ಎನ್ನಿಸಿಕೊಳ್ಳಬಾರದು, ಸ್ವಂತ ಕೋಣೆ, ಓದುವ ಮೇಜು. ಇಷ್ಟೆಲ್ಲ ಕೊಟ್ಟವಳಿಗೆ ನಾಲ್ಕು ಮಾತು. ಬಾಗಿಲು ದಾಟಿದವಳಿಗೆ ಆ ಹೊಳಪು. ತಂಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಎಂಥ ನೀಚತನ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಅದು ಊಟವಾದ ಮೇಲಿನ ಎದೆಯುರಿಯ ಹಾಗೆ ಗಂಟಲವರೆಗೂ ಬಂದು ನಿಲ್ಲುತ್ತಿತ್ತು.

ನ್ಯಾಯಾಲಯದ ಮೊಗಸಾಲೆ ಆಸ್ಪತ್ರೆಯ ಮೊಗಸಾಲೆಯ ಹಾಗೇ ಇತ್ತು. ಉದ್ದ ಬೆಂಚು, ಅದೇ ಹಸಿರು ಬಣ್ಣ, ಅದೇ ಕಾಯುವ ಮುಖಗಳು. ಲಾಯರಮ್ಮ ಫೈಲಿನಿಂದ ತಲೆಯೆತ್ತಿ, "ಪುಸ್ತಕ ತಂದ್ರಾ?" ಎಂದರು.

"ಸಿಗ್ಲಿಲ್ಲ," ಅಂದಳು ಅವಳು.

ಅಷ್ಟು ಸಲೀಸಾಗಿ ಬಂತು ಆ ಮಾತು. ಚೀಲ ಹೆಗಲಿನಿಂದ ಜೋತಾಡುತ್ತಿತ್ತು. ಪುಸ್ತಕದ ಮೂಲೆ ಪಕ್ಕೆಗೆ ಚುಚ್ಚುತ್ತಿತ್ತು. ಲಾಯರಮ್ಮನ ಹುಬ್ಬು ಗಂಟಾಯಿತು. "ಸಿಗ್ಲಿಲ್ಲ ಅಂದ್ರೆ?" "ಹಳೇ ಪುಸ್ತಕ. ಯಜಮಾನ್ರು ಎಲ್ಲೋ ಇಟ್ಟಿದಾರೆ." ತಂಗಿ ಕನ್ನಡಕದ ಒಳಗಿನಿಂದ ಅಕ್ಕನನ್ನೇ ನೋಡಿ, "ಹೋಗ್ಲಿ ಬಿಡಕ್ಕ, ನೀನು ಬಂದ್ಯಲ್ಲ, ಅಷ್ಟೇ ಸಾಕು," ಎಂದಳು. ಹಾಗೆ ಅಂದದ್ದು ಇನ್ನೂ ಉರಿಸಿತು. ಜಗಳವಾಡಬಾರದಿತ್ತೆ? ತಂಗಿಯ ಒಳ್ಳೆಯತನವೂ ಒಂದು ಹೊಸ ಹೊದಿಕೆಯ ಹಾಗೆ, ಯಾರೋ ಬೆಚ್ಚಗೆ ಹೊದಿಸಿಟ್ಟದ್ದು. ಅವಳು ನೀರು ಕುಡಿದು ಬರುತ್ತೇನೆಂದು ಮೊಗಸಾಲೆಯ ಕೊನೆಗೆ ನಡೆದಳು. ಯಾಕೆ ಸುಳ್ಳು ಹೇಳಿದೆ? ಆ ಪುಸ್ತಕದಲ್ಲಿ ತಂಗಿಯ ಮೂರು ಸಾಲುಗಳಷ್ಟೇ ಇರಲಿಲ್ಲ. ಬೇರೆಯವೂ ಇದ್ದವು. ಲಾಯರಮ್ಮನ ಬೆರಳು ಹಾಳೆಯ ಮೇಲೆ ಇಳಿಯುತ್ತ ಇಳಿಯುತ್ತ ಅಲ್ಲಿ ನಿಂತರೆ? ಇದು ಒಂದು ಕಾರಣ. ಆದರೆ ಇದೊಂದೇ ಅಲ್ಲ ಎಂಬುದನ್ನು ಅವಳು ನಲ್ಲಿಯ ಮುಂದೆ ನಿಂತು, ಲೋಟ ತುಂಬಿ ಹೊರಚೆಲ್ಲುವವರೆಗೂ ನೋಡುತ್ತ, ತನಗೆ ತಾನೇ ಒಪ್ಪಿಕೊಂಡಳು. ಗುಬ್ಬಿಗೂ ಒಂದು ಸಲ ಬಾಗಿಲು ಮುಚ್ಚಲಿ. ಮುಚ್ಚಿದ ಬಾಗಿಲ ಮುಂದೆ ನಿಲ್ಲುವುದು ಎಂದರೇನೆಂದು ಅವಳಿಗೂ ತಿಳಿಯಲಿ.

"ಚೆನ್ನಾಗಿದೀರಾ ಅಕ್ಕ?"

ತಂಗಿಯ ಗಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒಪ್ಪವಾಗಿ ಬಾಚಿದ ತಲೆ. ಲೋಟವನ್ನು ಅವಳ ಕೈಯಿಂದ ತಾನೇ ತೆಗೆದುಕೊಂಡು, ತೊಳೆದು, ಮತ್ತೆ ತುಂಬಿ ಕೊಟ್ಟ. ಮದುವೆಯಾದಂದಿನಿಂದಲೂ ಅವನ ನಡವಳಿಕೆ ಹೀಗೇ. ಮನೆಗೆ ಬಂದವರಿಗೆ ಕುರ್ಚಿ ಎಳೆದು ಕೊಡುವವನು. "ನಿಮ್ಮನ್ನ ನೋಡಿದ್ರೆ ನಂಗೆ ಸಮಾಧಾನ ಆಗುತ್ತೆ," ಎಂದ, ದನಿ ತಗ್ಗಿಸಿ. "ನೀವು ಸಂಸಾರ ಮಾಡ್ಲಿಲ್ವಾ? ಭಾವನ ಕೋಪ ಎಂಥದ್ದು ಅಂತ ನಮಗೆಲ್ಲ ಗೊತ್ತು. ನೀವು ಒಂದು ಮಾತು ಆಚೆ ಬಿಟ್ಟವರಲ್ಲ. ಮನೆ ಅಂದ್ರೆ ಹಾಗೆ ನಡೆಸ್ಕೊಂಡು ಹೋಗೋದು. ನಿಮಗಿರೋ ತಾಳ್ಮೇಲಿ ನಾಲ್ಕಾಣೆ ಅವಳಿಗಿದ್ದಿದ್ರೆ ನಾವು ಇವತ್ತು ಇಲ್ಲಿ ನಿಲ್ತಾ ಇರ್ಲಿಲ್ಲ."

ಹದಿನಾಲ್ಕು ವರ್ಷ ಈ ಮಾತಿಗಾಗಿ ಅವಳು ಕಾದಿದ್ದಳು. ನಾನು ತಡೆದುಕೊಂಡದ್ದನ್ನು ಯಾರಾದರೂ ನೋಡಿದ್ದಾರೆ, ಅದಕ್ಕೆ ಏನೋ ಒಂದು ಹೆಸರಿದೆ ಎಂಬ ಮಾತು. ಅಮ್ಮನ ಬಾಯಿಂದ ಬರಬೇಕಿತ್ತು, ಮಗಳ ಬಾಯಿಂದ ಬರಬೇಕಿತ್ತು. ಬಂದದ್ದು ಇವನ ಬಾಯಿಂದ. ಒಂದು ಕ್ಷಣ, ಲೋಟ ತುಟಿಗೆ ತಾಗುವಷ್ಟು ಹೊತ್ತು, ಅವಳಿಗೆ ಹಿತವಾಯಿತು. ನಿಜವಾಗಿ ಹಿತವಾಯಿತು, ಒಳಗೆ ಏನೋ ಬಾಲ ಅಲ್ಲಾಡಿಸಿತು. ಆಮೇಲೆ ಗೊತ್ತಾಯಿತು. 'ನಮಗೆಲ್ಲ ಗೊತ್ತು' ಎಂದನಲ್ಲ, ಇವನಿಗೆ ಗೊತ್ತಿತ್ತು. ಹಬ್ಬಕ್ಕೆ, ಊಟಕ್ಕೆ ಎಂದು ಮನೆಗೆ ಬಂದಾಗ ಅವಳ ಮುಖ ನೋಡಿದ್ದಾನೆ, ಊದಿದ್ದನ್ನು ಲೆಕ್ಕ ಹಾಕಿದ್ದಾನೆ, ಇಷ್ಟಾದರೂ ಹೆಂಗಸು ಬಾಯಿ ಬಿಡುವುದಿಲ್ಲ ಎಂದು ಕಲಿತಿದ್ದಾನೆ. ಅವನ ಪಾಠಕ್ಕೆ ಅವಳೇ ಪುಸ್ತಕ. ಅವಳು ಲೋಟವನ್ನು ಕಟ್ಟೆಯ ಮೇಲಿಟ್ಟು ಬೆಂಚಿನ ಕಡೆಗೆ ನಡೆದಳು. ಆದರೂ ಪುಸ್ತಕವನ್ನು ಹೊರಗೆ ತೆಗೆಯಲಿಲ್ಲ.

ಹನ್ನೆರಡರ ಹೊತ್ತಿಗೆ ಒಳಗೆ ಕರೆದರು. ಅಂದುಕೊಂಡಷ್ಟು ದೊಡ್ಡ ಕೋಣೆಯಲ್ಲ. ಜಡ್ಜು ಅಮ್ಮನ ವಯಸ್ಸಿನ ಹೆಂಗಸು, ಮೂಗಿನ ತುದಿಗೆ ಜಾರಿದ ಕನ್ನಡಕ. ಅದನ್ನು ಬಿಗಿಮಾಡಬೇಕು, ಅವಳಿಗೆ ಮೊದಲು ಹೊಳೆದದ್ದು ಅದೇ. ಪಾಪುವನ್ನು ಹೊರಗೆ ಅಮ್ಮನ ಹತ್ತಿರ ಬಿಟ್ಟಿದ್ದರು. ಗಂಡನ ಕಡೆಯ ವಕೀಲರು ತಂಗಿಯನ್ನು ಕೇಳಿದರು: ಸಿಟ್ಟು ಬಂದಾಗ ಸಾಮಾನು ಎಸೆಯುತ್ತೀರಂತೆ? ಕನ್ನಡಕ ತೆಗೆದು ನೆಲಕ್ಕೆ ಬಡಿದಿರಂತೆ? ಮಗು ನೋಡುತ್ತಿತ್ತಂತೆ? ತಂಗಿ ಇಲ್ಲ, ಇಲ್ಲ ಎನ್ನುತ್ತ ಹೋದಳು. ಪ್ರತಿ ಇಲ್ಲಕ್ಕೂ ದನಿ ಸಣ್ಣದಾಯಿತು. ಕೊನೆಯದು ಕೇಳಿಸಲೇ ಇಲ್ಲ. ಅವಳು ತಂಗಿಯ ಬೆನ್ನನ್ನೇ ನೋಡುತ್ತ ಕೂತಿದ್ದಳು. ಆ ಬೆನ್ನು ಗೊತ್ತಿತ್ತು. ಕನ್ನಡಿಯಲ್ಲಿ ಯಾರಿಗೂ ತಮ್ಮ ಬೆನ್ನು ಕಾಣುವುದಿಲ್ಲ, ಅವಳಿಗೆ ಕಂಡಿತು.

ಅವಳ ಸರದಿ ಬಂತು. "ನೀವೇ ರಿಪೇರಿ ಮಾಡಿದ್ದಾ?" ಎಂದು ಜಡ್ಜು ಕೇಳಿದರು.

"ಹೌದಮ್ಮ. ಮೂರು ಸಲ." ಚೀಲದ ಗುಂಡಿ ತೆಗೆದು ಪುಸ್ತಕವನ್ನು ಮೇಜಿನ ಮೇಲೆ ಇಟ್ಟಳು. ಲಾಯರಮ್ಮ ಅವಳನ್ನು ನೋಡಿದ ನೋಟದಲ್ಲಿ ಕೋಪ, ನಗು ಎರಡೂ ಇದ್ದವು. "ಮೂರು ಸಲವೂ ಎಡಗಡೆಯ ಕಡ್ಡಿ, ಕೀಲಿನ ಹತ್ರ ಹೊರಕ್ಕೆ ಬಗ್ಗಿತ್ತು. ಮೂಗಿನ ಮೆತ್ತೆ ಒಳಕ್ಕೆ ಒತ್ತಿತ್ತು. ನೆಲಕ್ಕೆ ಬಿದ್ರೆ, ಬಡಿದ್ರೆ, ಗಾಜು ಹೋಗುತ್ತೆ, ಅಂಚು ತರಚುತ್ತೆ. ಮೆತ್ತೆ ಹೀಗೆ ಒತ್ತೋದಿಲ್ಲ. ಅದು ಒತ್ತೋದು ಹಾಕ್ಕೊಂಡಿರುವಾಗ ಪೆಟ್ಟು ಬಿದ್ರೆ ಮಾತ್ರ."

"ಎಡಗಡೆನೇ ಯಾಕೆ?"

"ಎದುರಿಗೆ ನಿಂತು ಬಲಗೈಲಿ ಹೊಡೀತಾರಲ್ಲ."

ಅವನ ವಕೀಲರು ಎದ್ದರು. ನಗುತ್ತಲೇ ಕೇಳಿದರು: "ನೀವು ಅಂಗಡೀಲಿ ಕೆಲಸ ಮಾಡೋರು. ಇದನ್ನೆಲ್ಲ ಎಲ್ಲಿ ಓದಿದ್ರಮ್ಮ? ತಂಗಿ ಮೇಲಿನ ಪ್ರೀತಿಗೆ ಹೇಳ್ತಿದೀರಿ, ಅಷ್ಟೇ ತಾನೆ?"

ತಂಗಿ ಮೇಲಿನ ಪ್ರೀತಿ! ಅವಳಿಗೆ ನಗು ಬಂತು, ನಗಲಿಲ್ಲ. "ಪ್ರೀತಿಗಲ್ಲ," ಎಂದಳು. "ನನ್ನ ಕನ್ನಡಕಾನೂ ಹಾಗೇ ಮುರಿಯುತ್ತೆ. ಏಳು ಸಲ ಮುರಿದಿದೆ. ಅದೂ ಇದರಲ್ಲೇ ಇದೆ. ನನ್ನ ಹೆಸರು ಹಾಕಿಲ್ಲ, 'ಅಂಗಡಿಯವರು' ಅಂತ ಬರೆದಿದೀನಿ. ನೋಡಿ ಬೇಕಾದ್ರೆ. ಎಡಗಡೆಯ ಕಡ್ಡಿ, ಮೂಗಿನ ಮೆತ್ತೆ. ಹೊಡೆದವರು ಬೇರೆ, ಮುರಿದ ರೀತಿ ಒಂದೇ."

ವಕೀಲರು ಕೂತರು. ಜಡ್ಜು ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ತಿರುಗಿಸಿದರು. ಬೆರಳು ನಿಲ್ಲುತ್ತಿತ್ತು, ಮುಂದೆ ಹೋಗುತ್ತಿತ್ತು, ನಿಲ್ಲುತ್ತಿತ್ತು. ಅಷ್ಟರಲ್ಲಿ ತಂಗಿ ಬಿಕ್ಕಿ ಬಿಕ್ಕಿ ಅಳಲು ಶುರುಮಾಡಿದಳು. "ಅಕ್ಕ, ಅಕ್ಕ," ಎಂದು, ಮುಖ ಮುಚ್ಚಿಕೊಂಡು. ಜಡ್ಜು ತಮ್ಮ ಮುಂದಿದ್ದ ನೀರಿನ ಲೋಟವನ್ನು ತಂಗಿಯ ಕಡೆಗೆ ಸರಿಸಿದರು. ಲಾಯರಮ್ಮ ತಂಗಿಯ ಭುಜ ಸವರಿದರು. ನಾನು ಹೇಳಿದ್ದು ನನ್ನ ಮುಖದ ವಿಷಯ, ನೀರು ಮಾತ್ರ ಅವಳಿಗೆ ಎಂದು ನಿಂತಲ್ಲೇ ಅನ್ನಿಸಿ, ಹಾಗನ್ನಿಸಿದ್ದಕ್ಕೆ ಅವಳಿಗೆ ಮೈಯೆಲ್ಲ ನಾಚಿಕೆಯಾಯಿತು.

ಮುಂದಿನ ತಾರೀಕಿನವರೆಗೆ ಮಗು ತಾಯಿಯ ಹತ್ತಿರವೇ ಇರಬೇಕು. ತಂದೆ ಶನಿವಾರ ಎರಡು ಗಂಟೆ ಹೊತ್ತು, ನ್ಯಾಯಾಲಯದ ಮಕ್ಕಳ ಕೋಣೆಯಲ್ಲಿ, ಸಿಬ್ಬಂದಿಯ ಎದುರಲ್ಲೇ ನೋಡಬಹುದು. ಅಜ್ಜಿಯ ಮನೆಯ ಹತ್ತಿರವಾಗಲಿ ಮಗುವಿನ ಶಾಲೆಯ ಹತ್ತಿರವಾಗಲಿ ಸುಳಿಯುವಂತಿಲ್ಲ. ಜಡ್ಜು ಓದಿ ಮುಗಿಸಿದಾಗ ಬಿಳಿ ಅಂಗಿಯವನು ಅವಳ ಕಡೆ ನೋಡಿದ. ಈ ಸಲ 'ಅಕ್ಕ' ಎನ್ನಲಿಲ್ಲ.

ಆದೇಶದ ಪ್ರತಿಗೆ ಸಹಿ ಹಾಕಲು ತಂಗಿ ಪಾಪುವನ್ನು ಎತ್ತಿಕೊಂಡು ಕಚೇರಿಗೆ ಹೋದಳು. ಬೆಂಚಿನ ಮೇಲೆ ಅಮ್ಮ, ಅವಳು. ಲಾಯರಮ್ಮ ಹೊರಬಂದವರೇ ಅಮ್ಮನಿಗೆ ಎಲ್ಲ ಹೇಳಿದ್ದರು. ಅಮ್ಮ ಸುಮ್ಮನೆ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ದೆ."

ಅಮ್ಮ ಯಾವಾಗ ಎಂದು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಹನ್ನೆರಡು ವರ್ಷದ ಹಿಂದೆ, ಎರಡು ವರ್ಷದ ಮಗಳು ಸೊಂಟದ ಮೇಲೆ, ಕೈಯಲ್ಲೊಂದು ಚೀಲ, ಗಂಡನ ಮನೆ ಬಿಟ್ಟು ಬಂದಿದ್ದಳು. ಅಪ್ಪ ಮುಂದಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದ, ತಲೆಯೆತ್ತಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಊಟ ಬಡಿಸಿದಳು, ತಲೆ ಬಾಚಿದಳು, ಡಬ್ಬಿ ಕಟ್ಟಿದಳು, ಸಂಜೆಯ ಬಸ್ಸಿಗೆ ತಾನೇ ಬಂದು ಹತ್ತಿಸಿದಳು. ಅಮ್ಮ ಕಳಿಸಿದಳು. ಹನ್ನೆರಡು ವರ್ಷ ಅವಳ ನೆನಪಿನಲ್ಲಿ ಅಪ್ಪನ ಮುಖವೇ ಇರಲಿಲ್ಲ, ಬರೀ ಪೇಪರ್.

"ನೀನು ಒಳಗೆ ಬರೋಕೆ ಮುಂಚೆ ನಿಮ್ಮಪ್ಪ ಒಂದೇ ಮಾತು ಹೇಳಿದ್ರು," ಎಂದಳು ಅಮ್ಮ. "ಸಂಜೆ ಬಸ್ಸಿಗೆ ಅವಳು ಹೋಗ್ದಿದ್ರೆ ನೀನೂ ಅವಳ ಜೊತೆ ಹೋಗು ಅಂತ. ಎಲ್ಲಿಗೆ ಹೋಗ್ಲಿ? ಆಗ ಆ ಮನೆ ನಂದಾಗಿರ್ಲಿಲ್ಲ ಕಣೇ."

"ಅಪ್ಪ ಹೋಗಿ ನಾಲ್ಕು ವರ್ಷ ಆಯ್ತಲ್ಲ."

ಎದುರಿನ ಬೆಂಚಿನಲ್ಲಿ ಯಾರದೋ ಕೂಸು ಕಿರುಚಿ ಸುಮ್ಮನಾಯಿತು. "ನೀನು ಗಟ್ಟಿ ಅಂದ್ಕೊಂಡಿದ್ದೆ," ಎಂದಳು ಅಮ್ಮ. "ಹಾಗಂದ್ಕೊಂಡ್ರೆ ನಂಗೂ ನಿದ್ದೆ ಬರ್ತಿತ್ತು."

ಕ್ಷಮೆ ಕೇಳಿದ್ದರೆ ಅವಳು ಬಹುಶಃ ಸಿಡಿದುಬೀಳುತ್ತಿದ್ದಳು. ಅಮ್ಮ ಕ್ಷಮೆ ಕೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಇಬ್ಬರ ನಡುವೆ ಬೆಂಚಿನ ಮೇಲೆ ಇಟ್ಟಳು. ಹೊಟ್ಟೆಕಿಚ್ಚು ಆರಲಿಲ್ಲ. ಗುಬ್ಬಿ ಹನ್ನೆರಡು ವರ್ಷ ತಡವಾಗಿ ಸರಿಯಾದ ಹೊತ್ತಿಗೆ ಬಂದಳು, ಅಪ್ಪ ಸತ್ತ ಮೇಲೆ ಬಂದಳು, ಅಷ್ಟೇ ವ್ಯತ್ಯಾಸ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ದೊಡ್ಡ ಬೆಲೆಯೇ ಎಂದು ಅವಳು ಬೆಂಚಿನ ಸಿಪ್ಪೆ ಎದ್ದ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಕೂತಳು.

ಲಾಯರಮ್ಮ ಅವಳನ್ನು ಕಿಟಕಿಯ ಹತ್ತಿರ ಕರೆದರು. "ಪುಸ್ತಕ ಸಿಗ್ಲಿಲ್ಲ ಅಂದ್ರಿ," ಎಂದು ಶುರುಮಾಡಿ, ಅವಳ ಮುಖ ನೋಡಿ ಆ ಮಾತು ಅಲ್ಲಿಗೇ ಬಿಟ್ಟರು. "ನೋಡಿ, ಇವತ್ತು ನೀವು ಒಳಗೆ ಹೇಳಿದ್ದು ಸಂಜೆಯೊಳಗೆ ನಿಮ್ಮ ಮನೆಗೆ ಮುಟ್ಟುತ್ತೆ. ಅವನೇ ಫೋನ್ ಮಾಡಿ ಹೇಳ್ತಾನೆ. ನೀವೇನು ಮಾಡ್ಬೇಕು ಅಂತ ನಾನು ಹೇಳಲ್ಲ, ಅದು ನಿಮ್ಮ ಇಷ್ಟ. ಆದ್ರೆ ಬರೋದಾದ್ರೆ ಮೊದಲು ಮಗಳು. ಶಾಲೆಯಿಂದ ನೇರ. ಬಟ್ಟೆಬರೆ, ಕಾಗದಪತ್ರ ಅಂತ ಮನೆಗೆ ಒಬ್ಬರೇ ಹೋಗ್ಬೇಡಿ; ನಾಳೆ ನಮ್ಮವರು ಜೊತೆಗೆ ಬರ್ತಾರೆ. ಅರ್ಜಿ ಬರೆಯೋಕೆ ಅರ್ಧ ಗಂಟೆ ಸಾಕು."

"ಯೋಚನೆ ಮಾಡಿ ಹೇಳ್ತೀನಿ," ಎಂದಳು ಅವಳು. ಹಾಗೆಂದು, ತಂಗಿ ಹೊರಬರುವುದನ್ನೂ ಕಾಯದೆ, ಮೆಟ್ಟಿಲಿಳಿದು ಬಸ್ಸು ಹತ್ತಿದಳು. ಅಂಗಡಿಯ ನಿಲ್ದಾಣ ಬಂತು. ಗಾಜಿನ ಹಿಂದೆ ಯಜಮಾನರು ಯಾರಿಗೋ ಫ್ರೇಮು ತೋರಿಸುತ್ತಿದ್ದರು. ಕಂಡಕ್ಟರ್ ಅವಳ ಕಡೆ ನೋಡಿದ; ದಿನವೂ ಇಳಿಯುವ ಜಾಗ. ಅವಳು ಏಳಲಿಲ್ಲ. ಎದ್ದು ನಿರ್ಧಾರ ಮಾಡಿದ್ದಲ್ಲ, ಏಳದೇ ಕೂತದ್ದಷ್ಟೇ. ಬಸ್ಸು ಮುಂದೆ ಹೋಯಿತು.

ಶಾಲೆಯ ಗೇಟಿನ ಮುಂದೆ ಅವಳು ನಿಂತು ಎಷ್ಟೋ ವರ್ಷವಾಗಿತ್ತು. ಗಂಟೆ ಹೊಡೆದು ಮಕ್ಕಳ ಪ್ರವಾಹ ಹೊರಬಿತ್ತು. ಗೆಳತಿಯರ ನಡುವೆ ನಗುತ್ತ ಬರುತ್ತಿದ್ದ ಎತ್ತರದ ಹುಡುಗಿಯೊಬ್ಬಳನ್ನು ಬೇರೆ ಯಾರದೋ ಮಗಳು ಎಂದೇ ನೋಡುತ್ತಿದ್ದಳು. ಆ ಹುಡುಗಿ ಇವಳನ್ನು ಕಂಡು ನಗು ನಿಲ್ಲಿಸಿದಾಗಲೇ ತನ್ನ ಮಗಳೆಂದು ಗೊತ್ತಾದದ್ದು.

"ಅಮ್ಮ? ಏನಾಯ್ತು? ಯಾರಾದ್ರೂ ಹೋಗ್ಬಿಟ್ರಾ?"

"ಇಲ್ಲ ಕಣೇ. ಪಾಪು ಚಿಕ್ಕಮ್ಮನ ಹತ್ರಾನೇ ಇರ್ಬೇಕು ಅಂತ ಆಯ್ತು."

"ಗೆದ್ರಾ?" ಮಗಳು ಕುಣಿದೇಬಿಟ್ಟಳು. ಆಮೇಲೆ ಅನುಮಾನದಿಂದ, "ಇಷ್ಟು ಹೇಳೋಕೆ ಇಲ್ಲೀವರೆಗೂ ಬಂದ್ಯಾ?"

"ಅಜ್ಜಿ ಮನೆಗೆ ಹೋಗೋಣ ಅಂತ ಬಂದೆ. ಇಲ್ಲಿಂದಾನೇ."

"ಎಷ್ಟು ದಿನಕ್ಕೆ?"

ಅವಳು ಮಗಳ ಶಾಲೆಯ ಚೀಲವನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡಳು. ಮಗಳು ಅವಳ ಮುಖವನ್ನೇ, ಒಂದು ಕೆನ್ನೆಯಿಂದ ಇನ್ನೊಂದಕ್ಕೆ, ಅಭ್ಯಾಸವಾದ ಕಣ್ಣಿನಿಂದ ಹುಡುಕಿದಳು. ಹೊಸದೇನೂ ಕಾಣದೆ, ಅರ್ಥವಾಗದೆ, ಆಮೇಲೆ ಮೆಲ್ಲಗೆ ಅರ್ಥವಾಗುತ್ತ, ಕೇಳಿದಳು: "ಚಿಕ್ಕಮ್ಮ ಹೇಳಿದ್ಲಾ?"

ಇಲ್ಲೂ ಅವಳೇ. ಹನ್ನೆರಡು ವರ್ಷದ ಮೇಲೆ ಮತ್ತೊಂದು ಸಲ ಬಾಗಿಲು ದಾಟಿದರೂ ಅದರ ಮೇಲೆ ಗುಬ್ಬಿಯ ಹೆಸರು.

"ಇಲ್ಲ," ಎಂದಳು, ಬೇಕಾದ್ದಕ್ಕಿಂತ ಜೋರಾಗಿ. ಗೇಟಿನ ಕಾವಲುಗಾರ ತಿರುಗಿ ನೋಡಿದ, ಮಗಳ ಗೆಳತಿಯರು ನೋಡಿದರು. ನೋಡಲಿ. "ಯಾರೂ ಹೇಳಿಲ್ಲ. ನಾನೇ. ನಿಮ್ಮ ಚಿಕ್ಕಮ್ಮಂಗೆ ಇನ್ನೂ ಗೊತ್ತೇ ಇಲ್ಲ."